ಇಳಿದ ಹೂ ನಿಮ್ಮದು, ಹತ್ತಿದ ಹೂ ಗಾಡಿಯದು

ಕೊಟ್ಟೂರಿನಲ್ಲಿ ನಮ್ಮ ಓಣಿಯ ತಿರುವಿಗೆ ಹೋದ ವಾರ ಒಂದು ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ನಮ್ಮ ಕಂಡಕ್ಟರ ಮುಖ ಬದುಕಿದ್ದಾಗ ಇದ್ದದ್ದಕ್ಕಿಂತ ಎಷ್ಟೋ ದೊಡ್ಡದಾಗಿದೆ, ಬೆಳ್ಳಗೂ ಆಗಿದೆ. ತಲೆಯ ಹಿಂದೆ ಪ್ರಭಾವಳಿ ಬೇರೆ. ಕೆಳಗೆ ‘ಮಹಾನ್ ವೃಕ್ಷಪ್ರೇಮಿ, ಪರಮ ಶಿವಭಕ್ತ’ ಎಂಬ ಬಿರುದು, ಅದರ ಕೆಳಗೆ ಕೈ ಮುಗಿದು ನಿಂತವರ ಸಾಲು. ಆ ಸಾಲಿನಲ್ಲಿರುವವರು ಯಾರೆಂದು ನನಗೆ ಚೆನ್ನಾಗಿ ಗೊತ್ತು. ಆ ಮನುಷ್ಯನ ಹೊಟ್ಟೆ ಉರಿಸಿದವರು ಅವರೇ. ದಿನಾ ಹಾಲು ತರಲು ಹೋಗುವಾಗ ಆ ಕೈ ಮುಗಿದ ಸಾಲು ಕಣ್ಣಿಗೆ ಬಿದ್ದು ನನ್ನ ಮೈಯೆಲ್ಲ ಉರಿಯುತ್ತದೆ. ಆ ಉರಿಯನ್ನು ಎಲ್ಲಿಯಾದರೂ ಇಳಿಸಬೇಕಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಫ್ಲೆಕ್ಸಿನವರು ಬೇಕಾದಷ್ಟು ದೊಡ್ಡದಾಗಿ ಬರೆದಿದ್ದಾರೆ. ಓಣಿಗೆಲ್ಲ ಅವರು ಕಂಡಕ್ಟರು, ಅವರಿಗೆ ನಾನು ಮಾಸ್ತರ. ನಾವಿಬ್ಬರೂ ಕೊನೆಯವರೆಗೂ ಹಾಗೇ ಕರೆದುಕೊಂಡೆವು.

ನಾನು ಉಜ್ಜಿನಿಯ ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ದಿನಾ ಕೊಟ್ಟೂರಿನಿಂದ ಹೋಗಿಬರುತ್ತಿದ್ದ ಬಸ್ಸಿಗೆ ಬಹಳ ವರ್ಷ ಅವರೇ ಕಂಡಕ್ಟರು. ಕುಳ್ಳು ಮೈ, ಕಂಚಿನ ಗಂಟಲು, ಕೊರಳಲ್ಲಿ ಕರಿ ದಾರಕ್ಕೆ ಪೋಣಿಸಿದ ಸೀಟಿ. ಒಂದು ಸೀಟಿ ಊದಿದರೆ ಗಾಡಿ ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಇದು ಎಲ್ಲ ಬಸ್ಸುಗಳ ಪದ್ಧತಿಯೇ. ಆದರೆ ಇವರು ಅದನ್ನು ಬಸ್ಸಿನ ಹೊರಗೂ ನಡೆಸುತ್ತಿದ್ದರು. ಚಹಾದಂಗಡಿಯಲ್ಲಿ ಯಾರಾದರೂ ಸುಳ್ಳು ಹೇಳತೊಡಗಿದರೆ ಒಂದು ಸೀಟಿ. ಆ ಮನುಷ್ಯ ಮಾತು ನಿಲ್ಲಿಸಿ, ತಪ್ಪು ತಿದ್ದಿಕೊಂಡರೆ ಎರಡು. ಅವರ ಹೆಂಡತಿ ಒಮ್ಮೆ ನನ್ನೆದುರಿಗೇ, “ಮದಿವ್ಯಾಗ ತಾಳಿ ಕಟ್ಟಿದ ಮ್ಯಾಲೆ ಎರಡು ಊದ್ಯಾರ್ರಿ ಇವ್ರು” ಎಂದಿದ್ದರು. ನಿಜವೋ ತಮಾಷೆಯೋ ಗೊತ್ತಿಲ್ಲ, ಅವರಂತೂ ಅಲ್ಲಗಳೆಯಲಿಲ್ಲ.

ಸಿಟ್ಟಿನ ಮನುಷ್ಯ. ಸಂತೆಯ ದಿನ ಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮ್ಮ ಕಡೆಯವರ ಜನ್ಮಸಿದ್ಧ ಹಕ್ಕು. ಬಸ್ಸಿನೊಳಗೆ ಮುದುಕಿಯರು ಕಂಬ ಹಿಡಿದು ತೂಗಾಡುತ್ತಿದ್ದರೂ ಟವೆಲ್ ಮಾತ್ರ ಆರಾಮಾಗಿ ಕೂತಿರುತ್ತದೆ. ಒಂದು ದಿನ ಅವರು ಹಾಗೆ ಕೂತಿದ್ದ ಟವೆಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, “ಯಾರದ್ರಿ ಇದು? ಟವೆಲ್ಲಿಗೆ ಟಿಕೆಟ್ ತಗಂತೀರೋ, ಇಲ್ಲಾ ಈ ಅಜ್ಜೀನ ಕುಂದ್ರಸ್ಲೋ?” ಎಂದರು. ಬಾಗಿಲಲ್ಲಿ ಜನರನ್ನು ತಳ್ಳಿಕೊಂಡು ಬರುತ್ತಿದ್ದ ಟವೆಲ್ಲಿನ ಒಡೆಯ ಕೆಂಪಗಾದ. ಆಗ ಹರೆಯದವನು, ಅಪ್ಪನ ಅಂಗಡಿಯಲ್ಲಿ ಕೂರಲು ಶುರುಮಾಡಿದ್ದ. ಈಗ ಅವರು ನಮ್ಮೂರ ಸಿಮೆಂಟ್ ಅಂಗಡಿಯ ಸಾಹುಕಾರರು. ಫ್ಲೆಕ್ಸಿನ ಸಾಲಿನಲ್ಲಿ ಮೊದಲ ಚಿತ್ರ ಅವರದೇ.

ಇಂಥ ಮನುಷ್ಯನಿಗೆ ಗಿಡದ ಹುಚ್ಚು ಹಿಡಿದದ್ದು ಕರಾವಳಿಯ ರೂಟಿಗೆ ಹಾಕಿದ ವರ್ಷ. ಅಲ್ಲಿ ಗಾಡಿ ನಿಲ್ಲುವ ಜಾಗದ ಪಕ್ಕ ಒಂದು ದೊಡ್ಡ ನಾಗಲಿಂಗದ ಮರವಿತ್ತಂತೆ. ನೋಡಿದವರಿಗೆ ಗೊತ್ತು, ಅದರ ಹೂ ಉಳಿದ ಮರಗಳಂತೆ ಕೊಂಬೆಯ ತುದಿಯಲ್ಲಿ ಬಿಡುವುದಿಲ್ಲ. ಬೊಡ್ಡೆಯಿಂದಲೇ ಒಣಗಿದ ಬಿಳಲಿನಂಥ ಕಡ್ಡಿಗಳು ಹೊರಟು ಜೋತಾಡುತ್ತವೆ, ಹೂ ಆ ಕಡ್ಡಿಗಳಿಗೆ. ನಸುಗೆಂಪು ದಳಗಳ ನಡುವೆ ಪುಟ್ಟ ಲಿಂಗ, ಮೇಲೆ ಹೆಡೆ ಬಾಗಿಸಿದ ಹಾವು. ಶಿವನ ಒಕ್ಕಲಾದ ನಮ್ಮವರಿಗೆ ಅದನ್ನು ಕಂಡರೆ ಕೈ ತಾನಾಗಿ ಮುಗಿಯುತ್ತದೆ. ಆದರೆ ಇವರಿಗೆ ಹಿಡಿಸಿದ್ದು ಲಿಂಗವೂ ಅಲ್ಲ, ಹೆಡೆಯೂ ಅಲ್ಲ.

“ಈ ಮೂಗು ಡೀಸಲ್ಲು, ಬೀಡಿ, ಬೆವರು ಬಿಟ್ಟು ಬ್ಯಾರೆ ಏನೂ ಕಂಡಿದ್ದಿಲ್ರಿ ಮಾಸ್ತರ. ಆವತ್ತು ಬಿದ್ದಿದ್ದೊಂದು ಹೂ ಎತ್ತಿ ಮೂಸಿದೆ ನೋಡ್ರಿ, ಗಾಡಿ ಬಿಡೋದ ಮರ್ತೆ. ಡ್ರೈವರ್ ಹಾರನ್ ಹೊಡ್ದು ಹೊಡ್ದು ಕರದ.”

ಮುಂದಿನ ಸಲ ಹೋದಾಗ ಅಲ್ಲಿನ ನರ್ಸರಿಯಿಂದ ಒಂದು ಸಸಿ ಕೊಂಡು, ಇಂಜಿನ್ ಪಕ್ಕ ಇಟ್ಟುಕೊಂಡು, ತನಗೆ ತಾನೇ ಲಗೇಜ್ ಟಿಕೆಟ್ ಹರಿದುಕೊಂಡು ತಂದರು. ಹರಪನಹಳ್ಳಿಯಲ್ಲಿ ಚೆಕಿಂಗ್‌ನವರು ಹತ್ತಿ, “ಈ ಗಿಡ ಯಾರ್ದು?” ಎಂದರೆ, “ಪ್ಯಾಸೆಂಜರ್ ಸಾರ್, ಟಿಕೆಟ್ ತಗಂಡೈತಿ” ಎಂದರಂತೆ. ಆ ಸಸಿ ನಮ್ಮೂರಲ್ಲಿ ಮಳೆಗಾಲವನ್ನೂ ಕಾಣಲಿಲ್ಲ. ಪ್ರೀತಿ ಹೆಚ್ಚಾಗಿ ಹಸಿ ಕುರಿಗೊಬ್ಬರ ಬುಟ್ಟಿಗಟ್ಟಲೆ ಸುರಿದು ಅದರ ಬೇರು ಸುಟ್ಟಿದ್ದರು. ಓಣಿಯವರು ನಕ್ಕರು. ಇವರು ಮತ್ತೊಂದು ತಂದರು. ಅದಕ್ಕೂ ಲಗೇಜ್ ಟಿಕೆಟ್.

ನಾನು ಎಲ್ಲೋ ಓದಿದ್ದನ್ನು ಹೇಳಿದೆ: ಈ ಗಿಡ ಕರಾವಳಿಯದೂ ಅಲ್ಲ, ನಮ್ಮ ದೇಶದ್ದೂ ಅಲ್ಲ, ಸಮುದ್ರದಾಚೆ ದಕ್ಷಿಣ ಅಮೆರಿಕದ ಮಳೆಕಾಡಿನದು. ಬೇಸರವಾಗುತ್ತದೇನೋ ಎಂದುಕೊಂಡಿದ್ದೆ. ಅವರ ಮುಖ ಅರಳಿತು.

“ಅಷ್ಟು ದೂರದಿಂದ ಬಂದೈತಂದ್ರ ಕುಂದ್ರಾಕ ಸೀಟು ಕೊಡಬೇಕಲ್ರಿ” ಎಂದರು.

ಸೀಟು ಕೊಡುವುದು ಸುಲಭವಿರಲಿಲ್ಲ. ನಮ್ಮದು ಗರಸು ನೆಲ, ಗುದ್ದಲಿ ಹಾಕಿದರೆ ಕಿಡಿ ಹಾರುತ್ತದೆ. ಬೋರಿನ ನೀರು ಸವಳು, ಎಲೆಯ ಅಂಚು ಸುಟ್ಟುಹೋಗುತ್ತದೆ. ಬೇಸಿಗೆಯ ಗಾಳಿಯ ವಿಷಯ ಕೇಳುವುದೇ ಬೇಡ. ತಮ್ಮ ಮನೆಯ ಗೋಡೆಗೆ ಹೊಂದಿದಂತೆ, ರಸ್ತೆಯ ಬದಿಗೆ ಆಳದ ಗುಂಡಿ ತೆಗೆದು, ಕೆರೆಯ ಮಣ್ಣು ತುಂಬಿ ನೆಟ್ಟರು. ಅಡಿಗೆಮನೆಯಿಂದ ಕಲ್ಲಿನ ಕಾಲುವೆ ಮಾಡಿ ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು ಅಲ್ಲಿಗೆ ಹರಿಸಿದರು. ಬಿಸಿಲಿಗೆ ಬೊಡ್ಡೆ ಸೀಳದಿರಲೆಂದು ಬೇಸಿಗೆ ಪೂರ್ತಿ ಒದ್ದೆ ಗೋಣಿಚೀಲ ಸುತ್ತಿದರು. ಡ್ಯೂಟಿಗೆ ಹೋದಾಗ ಆ ಚೀಲಕ್ಕೆ ನೀರು ಹಾಕುವ ಕೆಲಸ ಹೆಂಡತಿಯದು.

ಆ ತಾಯಿ ಹಡಗಲಿ ಕಡೆಯ ಇಟ್ಟಿಗಿಯವರು, ಮಲ್ಲಿಗೆ ಹೊಲದಲ್ಲಿ ಬೆಳೆದವರು. ಗಿಡಕ್ಕೆ ನೀರೂ ಹಾಕುವರು, ಗೊಣಗುವುದನ್ನೂ ಬಿಡರು. “ಮುಡಿಯಾಕ ಬರಂಗಿಲ್ಲ, ಮಾಲಿ ಕಟ್ಟಾಕ ಬರಂಗಿಲ್ಲ. ಇದ್ಯಾವ ಹೂವಂತ ಮಾಸ್ತರ? ನಮ್ಮೂರಾಗ ಇದನ್ನ ಹೂವಂತ ಯಾರೂ ಅನ್ನಂಗಿಲ್ಲ” ಎನ್ನುತ್ತಿದ್ದರು. ಹೀಗೆ ಗೊಣಗುತ್ತಲೇ ಕೊಡ ಎತ್ತುತ್ತಿದ್ದರು.

ಒಂದು ಬೆಳಿಗ್ಗೆ ಗಿಡದ ಎಲೆಗಳೆಲ್ಲ ಒಮ್ಮೆಗೇ ಉದುರಿಬಿದ್ದವು. ಕಂಡಕ್ಟರು ಡ್ಯೂಟಿಗೆ ರಜೆ ಹಾಕಿ, ಸತ್ತವರ ಮನೆಯಲ್ಲಿ ಕೂತಂತೆ ಅಂಗಳದಲ್ಲಿ ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ. ಕೆಲವೇ ದಿನದಲ್ಲಿ ಗಿಡ ಮೈತುಂಬ ಹೊಸ ಎಲೆ ಹೊದ್ದು ನಿಂತಿತು. ಅದರ ಸ್ವಭಾವವೇ ಹಾಗಂತೆ, ವರ್ಷದಲ್ಲಿ ಎಷ್ಟೋ ಸಲ ಬೋಳಾಗಿ ಚಿಗುರುತ್ತದೆ. ಆಮೇಲೆ ಹೆಂಡತಿ ಅವರನ್ನು ಆಡಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಹೂ ಬಿಟ್ಟದ್ದು ಅವರು ನಿವೃತ್ತರಾದ ಮೇಲೆ. ಬೆಳಗಿನ ಜಾವ ನಮ್ಮ ಬಾಗಿಲು ಬಡಿದು, “ಬರ್ರಿ” ಎಂದಷ್ಟೇ ಹೇಳಿ ಮುಂದೆ ನಡೆದರು. ಓಣಿಯ ತಿರುವಿಗೆ ಬರುವ ಮೊದಲೇ ವಾಸನೆ ಮೂಗಿಗೆ ಬಂತು. ಬೊಡ್ಡೆಯ ಕಡ್ಡಿಯೊಂದರಲ್ಲಿ ಒಂದೇ ಒಂದು ಹೂ. ಅದನ್ನು ಮುಟ್ಟಲು ನನಗೂ ಬಿಡಲಿಲ್ಲ. ಇಬ್ಬರೂ ಅದು ತಾನಾಗಿ ಉದುರುವವರೆಗೆ ಅಲ್ಲೇ ಹರಟೆ ಹೊಡೆಯುತ್ತ ಕೂತೆವು. ಉದುರಿದಾಗ ಅಂಗೈಯಲ್ಲಿ ಹಿಡಿದು ಒಳಗೆ ಹೋಗಿ ಹೆಂಡತಿಗೆ ಕೊಟ್ಟರು. ಆಕೆ ಮೂಸಿ ನೋಡಿ, “ವಾಸ್ನಿ ಅಡ್ಡಿ ಇಲ್ಲ” ಎಂದರು. ಮಲ್ಲಿಗೆ ಸೀಮೆಯವರ ಬಾಯಲ್ಲಿ ಅದು ಸಣ್ಣ ಮಾತಲ್ಲ.

ಮರುವರ್ಷ ನೂರಾರು ಹೂ. ಸುದ್ದಿ ಕೂಡ್ಲಿಗಿಯವರೆಗೆ, ಹಗರಿಬೊಮ್ಮನಹಳ್ಳಿಯವರೆಗೆ ಹೋಯಿತು. ಸೋಮವಾರ ಬೆಳಿಗ್ಗೆ ತಟ್ಟೆ ಹಿಡಿದ ಜನ ಮರದ ಸುತ್ತ ಮುಕುರುವರು. ಇವರು ಸೀಟಿ ಊದಿ ಸಾಲು ಮಾಡಿಸಿ, ನಿಯಮ ಓದಿ ಹೇಳಿದಂತೆ ಹೇಳುತ್ತಿದ್ದರು: “ಇಳಿದ ಹೂ ನಿಮ್ದು, ಹತ್ತಿದ ಹೂ ಗಾಡೀದು. ಗಾಡ್ಯಾಗ ಇರೋದನ್ನ ಎಳದು ಇಳಸಂಗಿಲ್ಲ.” ಜನ ನಗುತ್ತಿದ್ದರು, ಆದರೆ ಪಾಲಿಸುತ್ತಿದ್ದರು. ಬಿದ್ದ ಹೂಗಳೇ ಎಲ್ಲರಿಗೂ ಸಾಕಾಗುತ್ತಿದ್ದವು.

ಸಾಲದೆ ಹೋದದ್ದು ಸಮಿತಿಯವರಿಗೆ. ಹೌದು, ಒಂದು ಮರಕ್ಕೆ ಒಂದು ಸಮಿತಿ. ಸಾಹುಕಾರರು ಅದಕ್ಕೆ ಅಧ್ಯಕ್ಷರು. ಶಿವನ ಹೂ ಬಿಡುವ ಗಿಡ ಬರೀ ಮಣ್ಣಲ್ಲಿ ನಿಲ್ಲಬಾರದು, ಬೇವು ಅರಳಿಗಳಂತೆ ಇದಕ್ಕೂ ಕಟ್ಟೆ ಕಟ್ಟಿಸಬೇಕು ಎಂದು ತೀರ್ಮಾನ ಮಾಡಿದರು. ಕಂಡಕ್ಟರು ಬೇಡವೆಂದರು. “ಅದಕ್ಕ ಬುಡ ಉಸಿರಾಡಬೇಕ್ರಿ, ಮುಚ್ಚಬ್ಯಾಡ್ರಿ” ಎಂದು ಮನೆ ಮನೆಗೆ ಹೋಗಿ ಹೇಳಿದರು. ಎಲ್ಲರೂ ಆಗಲಿ ಎಂದು ತಲೆಯಾಡಿಸಿದರು.

ಕಂಡಕ್ಟರಿಗೆ ಕಣ್ಣಿನ ಪೊರೆ ಬಂದಿತ್ತು. ದಾವಣಗೆರೆಯಲ್ಲಿ ಆಪರೇಷನ್, ಪರೀಕ್ಷೆ ಅದು ಇದು ಎಂದು ವಾರ ಹಿಡಿಯಿತು. ಗಂಡ ಹೆಂಡತಿ ಇಬ್ಬರ ಜೊತೆ ನಾನೂ ಹೋಗಿದ್ದೆ. ಸಮಿತಿಯವರು ಕಾಯುತ್ತಿದ್ದದ್ದು ಅದಕ್ಕೇ. ನಾವು ಹಿಂತಿರುಗಿ ಓಣಿಯ ತಿರುವಿಗೆ ಬರುವಾಗ ಹಸಿರು ಪಟ್ಟಿ ಕಟ್ಟಿದ ಕಣ್ಣನ್ನು ಕೈಯಿಂದ ಮುಚ್ಚಿಕೊಂಡು ಅವರು ಇನ್ನೊಂದು ಕಣ್ಣಿನಿಂದ ನೋಡಿದರು.

ಎದೆಮಟ್ಟದ ಕಟ್ಟೆ. ಒಳಗೆ ಮಣ್ಣು ಬೊಡ್ಡೆಗೆ ಏರಿಸಿ ತುಂಬಿ, ಮೇಲೆ ಕಾಂಕ್ರೀಟು ಬಡಿದು, ಮಿರಿಮಿರಿ ಮಿಂಚುವ ಟೈಲ್ಸು ಹಾಸಿದ್ದರು. ಬೊಡ್ಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ. ಜೋತಾಡುತ್ತಿದ್ದ ಕಡ್ಡಿಗಳಲ್ಲಿ ಒಂದೂ ಇಲ್ಲ. ಬುಡಕ್ಕೇ ಸವರಿ ನುಣ್ಣಗೆ ಮಾಡಿದ್ದರು. ಎದುರಿಗೊಂದು ಕಲ್ಲಿನ ಫಲಕ: ‘ಉದ್ಭವ ನಾಗಲಿಂಗ ವೃಕ್ಷ’.

ಸಾಹುಕಾರರು ಹಾರ ಹಿಡಿದು ಓಡಿಬಂದರು. “ಸರ್ಪ್ರೈಜ್ ಕೊಡೋಣಂತ ಮಾಡೀವ್ರಿ ಕಂಡಕ್ಟ್ರೇ. ಹಡಗಲಿಯಿಂದ ಮಲ್ಲಿಗಿ ಸವರೋನ್ನ ಕರೆಸಿದ್ವಿ. ಹಳೇ ಕಡ್ಡಿ ಸವರಿ ಮಣ್ಣು ಏರ್ಸಿದ್ರ ಹೂ ಇಮ್ಮಡಿ ಬರ್ತಾವಂದ.”

ಮಲ್ಲಿಗೆಗೆ ಅದು ಸರಿ. ಹಳೆಯ ಕಡ್ಡಿ ಸವರಿ ಬುಡಕ್ಕೆ ಮಣ್ಣೇರಿಸಿದರೆ ಹೊಸ ಚಿಗುರಿನ ತುದಿಗೆ ಮೊಗ್ಗು ಮುತ್ತುತ್ತದೆ, ಹಡಗಲಿಯ ಕೂಸಿಗೂ ಗೊತ್ತು. ಸವರಿದವನ ಮೇಲೆ ನನಗೆ ಸಿಟ್ಟಿಲ್ಲ, ಅವನು ತನ್ನ ಊರಿನ ಹೂವಿಗೆ ಮಾಡುವುದನ್ನು ಮಾಡಿದ. ಕಂಡಕ್ಟರ ಹೆಂಡತಿಯೂ ಮೊದಮೊದಲು, “ಸವರ್ರಿ, ಚಿಗೀತೈತಿ” ಎಂದು ಕುಡುಗೋಲು ತಂದವರೇ. “ಇದು ನಿಮ್ಮೂರ ಮಲ್ಲಿಗಿ ಅಲ್ಲ, ಹಳೇ ಕಡ್ಡಿಗೇ ಮತ್ತ ಮತ್ತ ಬಿಡ್ತೈತಿ” ಎಂದು ಗಂಡ ತಡೆದಿದ್ದರು, ಆಕೆ ಕೇಳಿದರು. ಸಮಿತಿಯವರೂ ಒಂದು ಮಾತು ಕೇಳಬಹುದಿತ್ತಲ್ಲ. ಗಿಡ ಬೆಳೆಸಿದವನು ಇದೇ ಓಣಿಯಲ್ಲಿದ್ದ. ಅವನು ಊರಲ್ಲಿಲ್ಲದ ಹೊತ್ತು ನೋಡಿ ಭಕ್ತಿ ಮಾಡುವ ಅವಸರ ಏನಿತ್ತು? ದೇವರ ಹೂವೆಂದು ಕೈ ಮುಗಿಯುವವರು ಆ ಹೂವಿಗೆ ಏನು ಬೇಕೆಂದು ಒಮ್ಮೆಯೂ ಕೇಳದಿದ್ದರೆ ಅದಕ್ಕೆ ಭಕ್ತಿ ಎಂದು ಯಾಕೆ ಹೆಸರಿಡಬೇಕು? ಮತ್ತೆ ಆ ‘ಉದ್ಭವ’. ಅಕ್ಕಿ ತೊಳೆದ ನೀರು, ಒದ್ದೆ ಗೋಣಿಚೀಲ, ಕೆರೆಯ ಮಣ್ಣು ಎಲ್ಲವನ್ನೂ ಒಂದೇ ಶಬ್ದದಲ್ಲಿ ಒರೆಸಿಹಾಕಿದ್ದರು.

ಕಂಡಕ್ಟರು ಹಾರ ಹಾಕಿಸಿಕೊಳ್ಳಲಿಲ್ಲ. ಫಲಕ ಓದಿ, “ತಾನ ಹುಟ್ಟಿದ್ದಕ್ಕ ನಾನ್ಯಾಕ ಲಗೇಜ್ ಟಿಕೆಟ್ ಹರದೆ?” ಎಂದರು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ, “ಟವೆಲ್ ಹಾಕ್ಯಾರ ಮಾಸ್ತರ. ನನ್ನ ಗಿಡಕ್ಕ ಟವೆಲ್ ಹಾಕ್ಯಾರ” ಎಂದರು. ಅವರ ದನಿ ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಪಟ್ಟಿ ಬಿಚ್ಚಿದ ದಿನವೇ ಹಾರೆ ಹಿಡಿದು ಕಟ್ಟೆಯ ಒಂದು ಮೂಲೆಯ ಟೈಲ್ಸ್ ಎಬ್ಬಿಸಿದರು. ಓಣಿಯ ಹಿರಿಯರು ಹಾರೆ ಕಸಿದುಕೊಂಡು ಪಂಚಾಯಿತಿ ಕೂರಿಸಿದರು. ರಸ್ತೆ ಬದಿಯ ಗಿಡ ಯಾರೊಬ್ಬರದಲ್ಲ, ಕಟ್ಟೆ ಒಡೆದರೆ ಭಕ್ತರ ಮನಸ್ಸಿಗೆ ನೋವಾಗುತ್ತದೆ, ಸುಮ್ಮನಿರಬೇಕು ಎಂದರು. ನಾನು ಎದ್ದು ನಿಂತು ಗಿಡ ಸಾಯುತ್ತದೆ ಎಂದು ಕೂಗಾಡಿದೆ. ಮಾಸ್ತರು ದೇವರ ವಿಷಯಕ್ಕೆ ಬಾಯಿ ಹಾಕಬಾರದು ಎಂದು ನನ್ನನ್ನೂ ಕೂರಿಸಿದರು. ಕಂಡಕ್ಟರು ಮಾತ್ರ ಒಂದೇ ಒಂದು ಪ್ರಶ್ನೆ ಕೇಳಿದರು: “ನಿಮ್ಮ ಮನಸಿಗೆ ನೋವಾಗೋದು ತಿಳೀತು. ಗಿಡದ ನೋವು ಯಾರ ಕೇಳ್ಬೇಕು?” ಹಿರಿಯರು ಚಹಾ ತರಿಸಿದರು.

ಆ ವರ್ಷ ಹೂ ಬಿಡಲಿಲ್ಲ, ಮರುವರ್ಷವೂ ಇಲ್ಲ. ಎಲೆಗಳು ಸಣ್ಣವಾದವು, ತುದಿಯ ಕೊಂಬೆಗಳು ಒಣಗಿದವು. ತಟ್ಟೆ ಹಿಡಿದ ಜನ ಬರುವುದನ್ನು ನಿಲ್ಲಿಸಿದರು. ಕಂಡಕ್ಟರು ಹಾರೆಯಿಂದ ಮುಟ್ಟಿದ್ದಕ್ಕೆ ದೇವರು ಮುನಿದಿದ್ದಾನೆ ಎಂಬ ಮಾತು ಎದ್ದಿತು. ಅದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಬೆಳೆಸಿದವನೇ ಕೊಂದವನಾದ. ಅವರು ಚಹಾದಂಗಡಿಯಲ್ಲಿ ಮರಕ್ಕೆ ಬೆನ್ನು ಮಾಡಿ ಕೂರತೊಡಗಿದರು. ಯಾರು ಎಂಥ ಸುಳ್ಳು ಹೇಳಿದರೂ ಸೀಟಿ ಊದಲಿಲ್ಲ. ಸೀಟಿಯನ್ನು ಕೊರಳಿಂದ ತೆಗೆದು ಮನೆಯ ಮೊಳೆಗೆ ತೂಗುಹಾಕಿದ್ದರು.

ಈ ಬೇಸಿಗೆಯಲ್ಲಿ ಮಾತ್ರ ಒಂದು ವಿಚಿತ್ರ ಕಂಡೆ. ಮರದ ಬೊಡ್ಡೆಗೆ, ಅವರ ಮನೆಯ ಗೋಡೆಯ ಕಡೆಗೆ, ಹಳೆಯ ಖಾಕಿ ಅಂಗಿಯೊಂದನ್ನು ತೊಡಿಸಿ ಗುಂಡಿ ಹಾಕಿದ್ದರು. ಡ್ಯೂಟಿಯ ಅಂಗಿ. ಸಂಜೆ ಗೋಡೆಯ ಮೇಲಿಂದ ಬಗ್ಗಿ ಅದಕ್ಕೆ ನೀರು ಚಿಮುಕಿಸುವರು. ಓಣಿಯವರು, “ಕಂಡಕ್ಟ್ರಿಗೆ ತಲಿ ಕೆಟ್ಟೈತಿ, ಗಿಡಕ್ಕ ಯೂನಿಫಾರಂ ಹಾಕ್ಯಾರ” ಎಂದು ನಕ್ಕರು. ನಾನು ಕೇಳಿದೆ. “ಬಿಸ್ಲು ಭಾಳ ಐತ್ರಿ ಮಾಸ್ತರ” ಎಂದು ಮಾತು ತೇಲಿಸಿದರು. ಹೋದ ತಿಂಗಳು ಮಧ್ಯಾಹ್ನ ಊಟ ಮಾಡಿ ಮಲಗಿದವರು ಮತ್ತೆ ಏಳಲಿಲ್ಲ.

ಮೊನ್ನೆ ಆ ಕಟ್ಟೆಯ ಮೇಲೆ ಶ್ರದ್ಧಾಂಜಲಿ ಸಭೆ. ಕಟ್ಟೆಗೆ ಅವರ ಹೆಸರಿಡುವುದೆಂದು ಸಮಿತಿಯ ತೀರ್ಮಾನ. ಯಾವ ಕಟ್ಟೆಯನ್ನು ಒಡೆಯಲು ಹೋಗಿ ಬೈಸಿಕೊಂಡರೋ ಅದೇ ಕಟ್ಟೆಗೆ. ಸಾಹುಕಾರರು ಮೈಕು ಹಿಡಿದು ‘ನಮ್ಮನ್ನಗಲಿದ ಮಹಾಚೇತನ’ ಎಂದು ಶುರುಮಾಡಿದಾಗ ನಾನು ಎದ್ದು ಹೋಗಬೇಕೆಂದಿದ್ದೆ. ತಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ ಹೆಂಡತಿಯ ಮುಖ ನೋಡಿ ಕೂತೆ.

ಫೋಟೋ ಇಡುವ ಹೊತ್ತಿಗೆ ಸಾಹುಕಾರರ ಕಣ್ಣು ಖಾಕಿ ಅಂಗಿಯ ಮೇಲೆ ಬಿತ್ತು. “ಆ ಹೊಲಸು ಅರಿಬಿ ತೆಗೀರಪ್ಪ, ಫೋಟೋದಾಗ ಚಂದ ಕಾಣಂಗಿಲ್ಲ” ಎಂದರು. ಸಮಿತಿಯವನೊಬ್ಬ ಗೋಡೆಯ ಸಂದಿಗೆ ಕೈ ಹಾಕಿ ಗುಂಡಿಗಳನ್ನು ಬಿಚ್ಚಿದ. ಅಂಗಿ ಜಾರಿತು.

ಒಳಗೆ ಬೊಡ್ಡೆಯಿಂದ ಗೇಣುದ್ದದ ಹೊಸ ಕಡ್ಡಿಯೊಂದು ಹೊರಟಿತ್ತು. ಅದರಲ್ಲಿ ನಾಲ್ಕಾರು ಮೊಗ್ಗು, ಆಗತಾನೇ ಅರಳಿದ ಒಂದು ಹೂ. ಆ ವಾಸನೆ ಕಟ್ಟೆಯ ಮೇಲಿದ್ದವರನ್ನೆಲ್ಲ ಅತ್ತ ತಿರುಗಿಸಿತು. ಕಂಡಕ್ಟರು ಯಾರಿಂದ ಅದನ್ನು ಮರೆಮಾಡಿದ್ದರು ಎಂಬುದು ನನಗೆ ಆಗ ಹೊಳೆಯಿತು. ಬಿಸಿಲಿನಿಂದ ಮಾತ್ರವಲ್ಲ, ಈ ಕೈ ಮುಗಿಯುವವರಿಂದ. ಸಮುದ್ರ ದಾಟಿ ಬಂದು, ಸವಳು ನೀರು ಕುಡಿದು, ಕಾಂಕ್ರೀಟನ್ನೂ ಸಹಿಸಿಕೊಂಡ ಗಿಡ ಹೂ ಬಿಡಬೇಕಾದರೆ ನಮ್ಮೂರಲ್ಲಿ ಕದ್ದು ಬಿಡಬೇಕಾಯಿತು. ನಾಚಿಕೆಯಾಗಬೇಕು ನಮಗೆ.

“ಪವಾಡ” ಎಂದು ಯಾರೋ ಅಂದರು. ಸಾಹುಕಾರರ ಕಣ್ಣಲ್ಲಿ ನೀರೇ ಬಂತು, ಅದು ಸುಳ್ಳು ನೀರಲ್ಲ. “ಮೊದಲ್ನೇ ಹೂ ಅವ್ರ ಫೋಟೋಕ್ಕ ಏರ್ಸೋಣು” ಎಂದು ಕೀಳಲು ಕೈ ಚಾಚಿದರು.

ಆಗ ಸೀಟಿ ಕೇಳಿಸಿತು. ಉದ್ದಕ್ಕೆ, ಒಂದೇ ಒಂದು.

ಚಾಚಿದ ಕೈ ಹಾಗೇ ನಿಂತಿತು. ಬಾಗಿಲಲ್ಲಿ ಕಂಡಕ್ಟರ ಹೆಂಡತಿ, ಕರಿ ದಾರ ಕೈಗೆ ಸುತ್ತಿಕೊಂಡು, ಸೀಟಿಯನ್ನು ಇನ್ನೂ ತುಟಿಯ ಹತ್ತಿರವೇ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಹಾರೆ ಇತ್ತು. ಆಕೆ ನಡೆದುಬಂದು ಅದನ್ನು ಕಟ್ಟೆಗೆ ಒರಗಿಸಿದರು.

“ಹತ್ತಿದ ಹೂ ಗಾಡೀದು ಅಂತ ಹೇಳ್ತಿದ್ರಲ್ರಿ ಅವ್ರು” ಎಂದರು. ಕೂಗಲಿಲ್ಲ, ದನಿಯನ್ನು ಏರಿಸಲೂ ಇಲ್ಲ. “ಕಟ್ಟಿ ಒಡದು ಮಣ್ಣು ತೆಗೀರಿ. ಆಮ್ಯಾಲೆ ಎರಡು ಊದ್ತೀನಿ. ಅಲ್ಲೀ ಮಟ ಇಲ್ಲಿ ಯಾವ ಕಾರ್ಯಕ್ರಮನೂ ಹೊರಡಂಗಿಲ್ಲ.”

ಮೈಕು ಸುಮ್ಮನೆ ಗುಂಯ್ ಎನ್ನುತ್ತಿತ್ತು. ಸಾಹುಕಾರರು ನನ್ನ ಕಡೆ ತಿರುಗಿ, “ಮಾಸ್ತರ, ನೀವಾದ್ರೂ ತಿಳಿಸಿ ಹೇಳ್ರಿ ಅಮ್ಮಾರಿಗೆ” ಎಂದರು.

ನಾನು ಹಾರೆ ಕೈಗೆತ್ತಿಕೊಂಡೆ. “ಸೀಟಿ ಆಗೇತ್ರಿ ಸಾಹುಕಾರ್ರೆ” ಎಂದೆ. “ಇಳೀರಿ.”